ಹೆಸರಘಟ್ಟದ ಇಟ್ಟಿಗೆ ಕಾಲುವೆಯ ಜಾಡು

ರಾಜಾಜಿನಗರದಿಂದ ವಾಯವ್ಯ ದಿಕ್ಕಿಗೆ, ಜಾಲಹಳ್ಳಿಯನ್ನು ದಾಟಿ ಹೋದರೆ ಸೋಲದೇವನಹಳ್ಳಿ, ತರಬನಹಳ್ಳಿ, ಹೆಸರಘಟ್ಟ ಗ್ರಾಮಗಳು ಸಿಗುತ್ತವೆ. ಈ ದಾರಿಯಲ್ಲಿ ಇಟ್ಟಿಗೆಯ ಹಳೆಯ ಕಾಲುವೆಯೊಂದರ ಅವಶೇಷಗಳು ಅಲ್ಲಲ್ಲಿ ಕಾಣುತ್ತವೆ. ಒಂದು ಕಾಲದಲ್ಲಿ ಬೆಂಗಳೂರಿನ ಬಾಯಾರಿಕೆಯನ್ನು ತಣಿಸಿದ ಕಾಲುವೆಯಿದು.

ಅದಕ್ಕೆ ಮೊದಲು ನಗರವು ಧರ್ಮಾಂಬುಧಿ, ಸಂಪಂಗಿ ಮುಂತಾದ ಕೆರೆಗಳನ್ನೂ ಬಾವಿಗಳನ್ನೂ ನೆಚ್ಚಿತ್ತು. 1876-78ರ ಭೀಕರ ಕ್ಷಾಮವು ಇವು ಸಾಲವೆಂಬುದನ್ನು ತೋರಿಸಿತು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರಲ್ಲಿ, ಅರ್ಕಾವತಿ ನದಿಗೆ ಅಡ್ಡಲಾಗಿ ಹೆಸರಘಟ್ಟದಲ್ಲಿ ಜಲಾಶಯವು ನಿರ್ಮಾಣವಾಯಿತು. 1896ರಲ್ಲಿ ಅದರ ನೀರು ನಗರವನ್ನು ತಲಪಿತು.

ತೆರೆದ ಕಾಲುವೆಯಲ್ಲಿ ನೀರನ್ನು ನಡೆಸುವ ಶಕ್ತಿ ಭೂಮಿಯ ಗುರುತ್ವಾಕರ್ಷಣೆಯೊಂದೇ. ಇಳಿಜಾರು ಹೆಚ್ಚಾದರೆ ನೀರು ತಳವನ್ನು ಕೊರೆಯುತ್ತದೆ. ಕಡಿಮೆಯಾದರೆ ಹೂಳು ತುಂಬುತ್ತದೆ. ಸಾವಿರ ಮೀಟರಿಗೆ ಒಂದು ಮೀಟರ್ ಇಳಿಜಾರೆಂದು ಭಾವಿಸಿದರೆ, ಐದು ಕಿಲೋಮೀಟರ್ ದೂರದಲ್ಲಿ ಕಾಲುವೆಯು ಕೇವಲ ಐದು ಮೀಟರ್ ಇಳಿಯುತ್ತದೆ. ಆದುದರಿಂದ ಅದು ದಿಬ್ಬಗಳನ್ನು ಬಳಸಿ ಸಾಗಬೇಕು. ತಗ್ಗನ್ನು ಕಮಾನುಗಳ ಮೇಲೆ ದಾಟಬೇಕು. ನಗರವು ಜಲಾಶಯಕ್ಕಿಂತ ಎತ್ತರದಲ್ಲಿದ್ದುದರಿಂದ, ಸೋಲದೇವನಹಳ್ಳಿಯಲ್ಲಿ ಉಗಿಯಂತ್ರದ ಪಂಪುಗಳು ನೀರನ್ನು ಮೇಲಕ್ಕೆತ್ತಿ ಮಲ್ಲೇಶ್ವರದ ಶೋಧನಾಗಾರಕ್ಕೆ ಕಳುಹಿಸುತ್ತಿದ್ದುವು.

ಕಾಲುವೆಯ ಜಾಡನ್ನು ಹುಡುಕುವವನಿಗೂ ಈ ತತ್ತ್ವವೇ ದಾರಿದೀಪ. ಸಮಾನ ಎತ್ತರದ ಸ್ಥಳಗಳನ್ನು ಕೂಡಿಸುವ ರೇಖೆಗಳುಳ್ಳ ಸರ್ವೆ ನಕ್ಷೆಯೊಂದನ್ನು ತೆಗೆದುಕೊಳ್ಳಿರಿ. ಉಳಿದಿರುವ ಎರಡು ತುಂಡುಗಳನ್ನು ಅದರಲ್ಲಿ ಗುರುತಿಸಿದರೆ, ನಡುವೆ ಅಳಿದುಹೋದ ಭಾಗವು ಹೆಚ್ಚು ಕಡಿಮೆ ಆ ರೇಖೆಗಳ ಜೊತೆಗೇ ಸಾಗಿದ್ದಿರಬೇಕು. ಇಂಗ್ಲೆಂಡಿನ ಆಕ್ಸ್‌ಫರ್ಡ್ ಕಾಲುವೆಯೂ ಹೀಗೆಯೇ ಬೆಟ್ಟಗಳನ್ನು ಬಳಸಿ ಹರಿಯುತ್ತಿತ್ತು. 1830ರ ದಶಕದಲ್ಲಿ ಅದನ್ನು ನೇರಗೊಳಿಸಿದಾಗ ತ್ಯಜಿಸಿದ ತಿರುವುಗಳನ್ನು ಅಲ್ಲಿಯ ಆಸಕ್ತರು ಇದೇ ಬಗೆಯಲ್ಲಿ ಪತ್ತೆಹಚ್ಚುತ್ತಾರೆ.

ಆದರೆ ಆಕ್ಸ್‌ಫರ್ಡಿನ ತಿರುವುಗಳು ಬರಿದಾದುದು ಹತ್ತಿರದ ದಾರಿ ದೊರೆತುದರಿಂದ. ಹೆಸರಘಟ್ಟದ ಕಾಲುವೆ ಬರಿದಾದುದು ಮೂಲವೇ ಸೋತುದರಿಂದ. 1925ರಲ್ಲಿ ಜಲಾಶಯವು ಒಣಗಿತು. 1933ರಲ್ಲಿ ಮಾಗಡಿ ರಸ್ತೆಯ ಕಡೆಯ ತಿಪ್ಪಗೊಂಡನಹಳ್ಳಿ ಜಲಾಶಯವೂ, 1974ರಲ್ಲಿ ಸುಮಾರು ನೂರು ಕಿಲೋಮೀಟರ್ ದೂರದ ಕಾವೇರಿಯೂ ನಗರದ ನೆರವಿಗೆ ಬಂದುವು. ಮುಂದೆ ಅರ್ಕಾವತಿಯೇ ಬತ್ತುತ್ತ ಬಂದಿತು. ಇದಕ್ಕೆ ಮಳೆಯ ಕೊರತೆಗಿಂತ, ಅಂತರ್ಜಲವನ್ನು ಹೀರಿದ ಕೊಳವೆ ಬಾವಿಗಳೂ ನೀಲಗಿರಿ ತೋಪುಗಳೂ ಮುಖ್ಯ ಕಾರಣವೆಂದು ಇತ್ತೀಚಿನ ಅಧ್ಯಯನಗಳು ತೋರಿಸಿವೆ.

ಇಟ್ಟಿಗೆ ಸೋಲಲಿಲ್ಲ, ಲೆಕ್ಕವೂ ತಪ್ಪಲಿಲ್ಲ. ಕಾಲುವೆಯನ್ನು ಕಟ್ಟುವಷ್ಟೇ ಶ್ರದ್ಧೆಯಿಂದ ನದಿಗೆ ನೀರುಣಿಸುವ ನೆಲವನ್ನೂ ಕಾಯಬೇಕೆಂಬುದೇ ಈ ಬರಿದಾದ ಕಾಲುವೆಯು ನಮಗೆ ಕಲಿಸುವ ಪಾಠ.