ಹಳೆಯ ಪಿಕಪ್‌ನ ಗೇರ್‌ಬಾಕ್ಸ್: ಬಿಚ್ಚಿಸುವ ಮೊದಲು ಏನು ನೋಡಬೇಕು?

ಅಮೆರಿಕದಲ್ಲಿ ಹಳೆಯ ಪಿಕಪ್ ಟ್ರಕ್ ಇಟ್ಟುಕೊಂಡವರಿಗೆ ದೊಡ್ಡ ಭಯ ಆಟೊಮ್ಯಾಟಿಕ್ ಗೇರ್‌ಬಾಕ್ಸಿನದು. ಕೆಟ್ಟರೆ ಸಾವಿರಾರು ಡಾಲರ್ ಖರ್ಚು. ಆದರೆ ಎಲ್ಲ ದೋಷಕ್ಕೂ ಅದನ್ನು ಬಿಚ್ಚಬೇಕಿಲ್ಲ. 1999ರಿಂದ 2006ರವರೆಗಿನ ಬಹಳಷ್ಟು ಷೆವರ್ಲೆ ಸಿಲ್ವರಾಡೊ 1500ಗಳಲ್ಲಿರುವ 4ಎಲ್60-ಇ ಗೇರ್‌ಬಾಕ್ಸನ್ನೇ ನೋಡೋಣ.

ಇದರಲ್ಲಿ 4 ಗೇರ್. ಯಾವುದು ಯಾವಾಗ ಬೀಳಬೇಕೆಂದು ಕಂಪ್ಯೂಟರ್ ತೀರ್ಮಾನಿಸುತ್ತದೆ. ಸೊಲೆನಾಯ್ಡ್, ಅಂದರೆ ಕರೆಂಟಿನಿಂದ ತೆರೆದು ಮುಚ್ಚುವ ಪುಟ್ಟ ವಾಲ್ವ್, ಆಯಿಲ್‌ಗೆ ದಾರಿ ಬಿಡುತ್ತದೆ. ಆ ಆಯಿಲ್‌ನ ಒತ್ತಡ ಒಳಗಿನ ಕ್ಲಚ್ ಪ್ಲೇಟುಗಳನ್ನು ಬಿಗಿಯುತ್ತದೆ. ಹಾಗಾಗಿ ಮೊದಲು ಆಯಿಲ್, ಆಮೇಲೆ ಕರೆಂಟು, ಕೊನೆಗೆ ಒಳಭಾಗ ನೋಡಿ.

ಟ್ರಕ್ಕನ್ನು ಸ್ವಲ್ಪ ದೂರ ಓಡಿಸಿ ಬಿಸಿ ಮಾಡಿ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ಬ್ರೇಕ್ ಒತ್ತಿಕೊಂಡೇ ಲಿವರನ್ನು ಎಲ್ಲ ಗೇರಿಗೂ ಒಮ್ಮೆ ತಂದು ಪಾರ್ಕ್‌ನಲ್ಲಿಡಿ. ಎಂಜಿನ್ ಆರಿಸಬೇಡಿ. ಡಿಪ್‌ಸ್ಟಿಕ್, ಅಂದರೆ ಆಯಿಲ್ ಅಳೆಯುವ ಕಡ್ಡಿ, ಎಳೆದು ಒರೆಸಿ, ಮತ್ತೆ ಅದ್ದಿ ನೋಡಿ. ಆಯಿಲ್ ಕೆಂಪಾಗಿ ತಿಳಿಯಾಗಿದ್ದರೆ ಒಳ್ಳೆಯದು. ಕಂದಾಗಿ ಸುಟ್ಟ ವಾಸನೆ ಬಂದರೆ ಕ್ಲಚ್ ಸುಟ್ಟಿದೆ. ಹಾಲು ಬೆರೆಸಿದ ಹಾಗೆ ಗುಲಾಬಿಯಾಗಿದ್ದರೆ ರೇಡಿಯೇಟರಿನ ನೀರು ಸೇರಿದೆ, ಓಡಿಸಲೇಬೇಡಿ. ಮಟ್ಟ ಕಡಿಮೆಯಿದ್ದರೆ ಸೋರುವ ಜಾಗ ಹುಡುಕಿ.

ಟ್ರಕ್ ನೇರವಾಗಿ 3ನೇ ಗೇರಿನಲ್ಲೇ ತಿಣುಕುತ್ತಾ ಹೊರಡುತ್ತದೆಯೇ? ಎರಡೂ ಷಿಫ್ಟ್ ಸೊಲೆನಾಯ್ಡ್‌ಗೆ ಕರೆಂಟ್ ತಪ್ಪಿದರೆ ಈ ಮಾದರಿಯಲ್ಲಿ ಬೀಳುವುದು 3ನೇ ಗೇರೇ. ಮೊದಲು ಫ್ಯೂಸು, ವೈರಿನ ಕನೆಕ್ಟರ್ ನೋಡಿ. 1996ರಿಂದ ಈಚೆಗಿನ ಟ್ರಕ್ಕುಗಳಲ್ಲಿ ಓಬಿಡಿ-2 ಸಾಕೆಟ್ ಇರುತ್ತದೆ. ಅಲ್ಲಿಂದ ದೋಷದ ಕೋಡ್ ಓದಬಹುದು. ಪಿ1870 ಬಂದರೆ ಒಳಗೆ ಜಾರುತ್ತಿದೆ ಎಂದರ್ಥ. ಆಯಿಲ್‌ನ ದಾರಿಗಳಿರುವ ವಾಲ್ವ್ ಬಾಡಿಯ ರಂಧ್ರ ಸವೆಯುವುದು ಇದಕ್ಕೆ ಸಾಮಾನ್ಯ ಕಾರಣ.

ಇನ್ನು ಓಡಿಸಿ ನೋಡಿ. 2ನೇ ಗೇರಿನವರೆಗೆ ಸರಿಯಿದ್ದು, ಆಮೇಲೆ ಎಂಜಿನ್ ಬರೀ ಕೂಗುತ್ತಾ ವೇಗ ಏರದಿದ್ದರೆ 3 ಮತ್ತು 4ನೇ ಗೇರಿನ ಕ್ಲಚ್ ಸವೆದಿರಬಹುದು. ರಿವರ್ಸ್, 2, 4 ಒಟ್ಟಿಗೇ ಹೋದರೆ ಸನ್ ಶೆಲ್ ಎಂಬ ಲೋಹದ ಭಾಗ ಮುರಿದಿರುವ ಸಂಭವ ಹೆಚ್ಚು. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಗಡಗಡ ನಡುಗುತ್ತದೆಯೇ? ಹಿಂದೆ ವಾಹನವಿಲ್ಲದಾಗ ಬ್ರೇಕ್ ಪೆಡಲನ್ನು ಮೆಲ್ಲಗೆ ಮುಟ್ಟಿ. ನಡುಕ ಥಟ್ಟನೆ ನಿಂತರೆ ಅನುಮಾನ, ಎಂಜಿನ್ನಿನ ಬಲವನ್ನು ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರಿನ ಲಾಕ್‌ಅಪ್ ಕ್ಲಚ್ ಮೇಲೆ, ಏಕೆಂದರೆ ಬ್ರೇಕ್ ಸ್ವಿಚ್ ಅದನ್ನು ಬಿಡಿಸುತ್ತದೆ. ನಿಲ್ಲದಿದ್ದರೆ ಎಂಜಿನ್ ಕಡೆ ನೋಡಿ.

ಹಳೆಯ ಆಯಿಲ್ ಬದಲಿಸಿದರೆ ಗೇರ್‌ಬಾಕ್ಸ್ ಕೆಡುತ್ತದಂತಲ್ಲ? ಮೊದಲೇ ಸುಟ್ಟ ಕ್ಲಚ್ ಹೊಸ ಆಯಿಲಿನಿಂದ ಸರಿಯಾಗುವುದಿಲ್ಲ, ಅಷ್ಟೇ. ಕೆಳಗಿನ ಪ್ಯಾನ್ ಬಿಚ್ಚಿ ಅದರ ಮ್ಯಾಗ್ನೆಟ್ ನೋಡಿ. ನುಣುಪಾದ ಬೂದು ಮಡ್ಡಿ ಸಹಜ. ಲೋಹದ ಚೂರುಗಳಿದ್ದರೆ ಬಿಚ್ಚಿಸದೆ ವಿಧಿಯಿಲ್ಲ.

ಕೋಡ್ ಓದುವ ಸಾಧನ 20–40 ಡಾಲರಿಗೆ ಸಿಗುತ್ತದೆ. ಹಲವು ಆಟೊ ಪಾರ್ಟ್ಸ್ ಅಂಗಡಿಗಳು ಬಿಟ್ಟಿಯಾಗಿಯೇ ಓದಿಕೊಡುತ್ತವೆ. ಪ್ಯಾನ್ ಬಿಚ್ಚಿದರೆ ಸುಮಾರು 4.7 ಲೀಟರ್ ಆಯಿಲ್ ಬೇಕು, ಡೆಕ್ಸ್‌ರಾನ್-6 ಹಾಕಿ. ಪೂರ್ತಿ ರೀಬಿಲ್ಡ್, ಅಂದರೆ ಬಿಚ್ಚಿ ಕಟ್ಟುವುದು, ಸಾಮಾನ್ಯವಾಗಿ 2,000 ಡಾಲರ್ ದಾಟುತ್ತದೆ. ಅದಕ್ಕೆ ಗೇರ್‌ಬಾಕ್ಸ್ ಕೆಲಸವನ್ನೇ ಮಾಡುವ ಅಂಗಡಿ ಹುಡುಕಿ. ಎರಡು ಕಡೆ ಅಂದಾಜು ಕೇಳಿ, ವಾರಂಟಿಯನ್ನು ಬರಹದಲ್ಲಿ ಪಡೆಯಿರಿ. ಟ್ರಕ್ಕಿನ ಬೆಲೆಗಿಂತ ರಿಪೇರಿಯೇ ಹೆಚ್ಚಾದರೆ ಇದ್ದ ಹಾಗೇ ಮಾರಿಬಿಡಿ.