ಜೀಪಿನ ಮಾಡು: ಇಳಿಸುವ ಹದ, ಏರಿಸುವ ಹದ

ಕಾಸರಗೋಡಿನ ಅಡಕೆ ತೋಟಗಳ ನಡುವೆ, ವಯನಾಡಿನ ಕಾಫಿಯ ನೆರಳಿನಲ್ಲಿ, ನೀಲಗಿರಿಯ ಚಹಾ ಇಳಿಜಾರುಗಳಲ್ಲಿ ನೆಲೆಸಿದ ನಮ್ಮ ಕನ್ನಡ ಮನೆಗಳ ಪೈಕಿ ಹಲವುಗಳ ಅಂಗಳದಲ್ಲಿ, ವಯಸ್ಸಾದರೂ ವಿಶ್ರಾಂತಿ ದೊರೆಯದ ಸದಸ್ಯನೊಬ್ಬನಿದ್ದಾನೆ. ಗೊಬ್ಬರದ ಚೀಲ, ಬಾಳೆಗೊನೆ, ಮದುವೆಯ ದಿಬ್ಬಣ, ನಡುರಾತ್ರಿ ಹೆರಿಗೆ ನೋವು ಬಂದ ನೆರೆಮನೆಯ ಹೆಣ್ಣುಮಗಳು, ಎಲ್ಲವನ್ನೂ ಒಂದೇ ಗಾಂಭೀರ್ಯದಿಂದ ಹೊತ್ತವನು ಅವನು: ಹಳೆಯ ಜೀಪು. ಅವನ ಎಂಜಿನಿಗೆ ಕಾಲಕಾಲಕ್ಕೆ ಎಣ್ಣೆ ಬದಲಾಗುತ್ತದೆ, ಬ್ರೇಕಿಗೆ ಲೈನರು ಬೀಳುತ್ತದೆ. ಆದರೆ ಅವನ ತಲೆಯ ಮೇಲೆ ಕುಳಿತಿರುವ ತಗಡಿನ ಗಟ್ಟಿ ಮಾಡನ್ನು ಇಳಿಸಿ ನೋಡುವವರು ವಿರಳ. (ಕರಾವಳಿಯ ಕಡೆ ಮಾಡು ಎಂದರೆ ಮನೆಯ ಸೂರು. ಸೊಲ್ಲಾಪುರ, ಅಕ್ಕಲಕೋಟೆಯ ಓದುಗರು ಛಾವಣಿ ಎಂದೇ ಓದಿಕೊಳ್ಳಬೇಕಾಗಿ ವಿನಂತಿ.) ಹಿಂದೆ ಮುಳಿಹುಲ್ಲಿನ ಮನೆಗಳಿದ್ದಾಗ ವರ್ಷಕ್ಕೊಮ್ಮೆ ಹಳೆಯ ಹುಲ್ಲನ್ನು ಇಳಿಸಿ, ಜಂತಿ ಪಕ್ಕಾಸುಗಳನ್ನು ಪರೀಕ್ಷಿಸಿ, ಹೊಸ ಹುಲ್ಲು ಹೊದಿಸುತ್ತಿದ್ದರು. ಮನೆಗೆ ಸಂದ ಆ ಮರ್ಯಾದೆ ಜೀಪಿಗೆ ಸಲ್ಲಲೇ ಇಲ್ಲ.

ಸಲ್ಲದಿದ್ದರೆ ನಷ್ಟವೇನು ಎಂದು ಕೇಳಬಹುದು. ಮಾಡು ಮತ್ತು ಬಾಡಿಯ ಮೇಲಂಚು ಕೂಡುವ ಜಾಗದಲ್ಲಿ ರಬ್ಬರಿನದೋ ಸ್ಪಂಜಿನದೋ ಒಂದು ಪಟ್ಟಿ ಇರುತ್ತದೆ. ಅಗ್ಗದ ಸ್ಪಂಜು ನೀರನ್ನು ತಡೆಯುವುದಿಲ್ಲ, ಕುಡಿಯುತ್ತದೆ. ಕುಡಿದದ್ದನ್ನು ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ಅದರ ಕೆಳಗಿನ ಕಬ್ಬಿಣವು ಯಾರ ಕಣ್ಣಿಗೂ ಬೀಳದೆ ಕರಗುತ್ತಾ ಹೋಗುತ್ತದೆ. ಹೊರಗಿನ ಬಣ್ಣ ಹೊಳೆಯುತ್ತಿರುವಾಗಲೇ ಒಳಗಿನ ಅಂಚು ಹಪ್ಪಳದಂತಾಗಿರುತ್ತದೆ. ಒಂದು ದಿನ ಬೋಲ್ಟು ತನ್ನ ತೂತನ್ನು ಹರಿದುಕೊಂಡು ಹೊರಬಂದಾಗಲೇ ಮನೆಯವರಿಗೆ ಸಂಗತಿ ತಿಳಿಯುವುದು. ಆ ವೇಳೆಗೆ ವೆಲ್ಡಿಂಗ್ ಹಿಡಿಯುವಷ್ಟು ಲೋಹವೂ ಅಲ್ಲಿ ಉಳಿದಿರುವುದಿಲ್ಲ. ಎಂಜಿನು ಕೆಟ್ಟು ಮೂಲೆಗೆ ಸರಿದ ಜೀಪಿಗೆ ಮರುಜನ್ಮ ಕೊಡಬಹುದು. ಬಾಡಿ ಕರಗಿದ ಜೀಪಿಗೆ ಅದು ಬಲು ದುಬಾರಿ.

ಬೋಳುತಲೆಯ ವಂಶ

ವಾಸ್ತವವಾಗಿ ಜೀಪು ಹುಟ್ಟಿದ್ದೇ ಬೋಳುತಲೆಯಲ್ಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಗಾಗಿ 1941ರಿಂದ ವಿಲ್ಲೀಸ್ ಮತ್ತು ಫೋರ್ಡ್ ಕಂಪೆನಿಗಳು ತಯಾರಿಸಿದ ಜೀಪಿಗೆ ಮಡಚುವ ಕ್ಯಾನ್ವಾಸು ಹೊದಿಕೆಯ ಹೊರತು ಬೇರೆ ಸೂರಿರಲಿಲ್ಲ. ಮುಂದಿನ ಗಾಜಿನ ಚೌಕಟ್ಟನ್ನು ಸಹ ಬಾನೆಟ್ಟಿನ ಮೇಲೆ ಮಲಗಿಸಬಹುದಾಗಿತ್ತು. ಯುದ್ಧ ಮುಗಿದ 1945ರಲ್ಲಿ ಬಂದ ನಾಗರಿಕ ಜೀಪು ಸಿಜೆ-2ಎ, 1953ರಲ್ಲಿ ಬಂದ ಎತ್ತರದ ಬಾನೆಟ್ಟಿನ ಸಿಜೆ-3ಬಿ, ಎರಡೂ ಅದೇ ಪದ್ಧತಿಯವು. ಮುಂಬಯಿಯಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸತೊಡಗಿದ ಮಹೀಂದ್ರಾ ಸಂಸ್ಥೆ ಈ ಸಿಜೆ-3ಬಿಯನ್ನೇ ದಶಕಗಳ ಕಾಲ ನಮ್ಮ ದೇಶದಲ್ಲಿ ತಯಾರಿಸಿತು. ನಮ್ಮ ತೋಟದ ಮನೆಗಳಿಗೆ ಚಿರಪರಿಚಿತವಾದದ್ದು ಈ ಎತ್ತರದ ಮೂತಿಯ ಜೀಪೇ. ಅಮೆರಿಕದಲ್ಲಿ ಕಂಪೆನಿಯೇ ಅಚ್ಚಿನಲ್ಲಿ ಎರೆದ ಪ್ಲಾಸ್ಟಿಕ್ ಮಾಡನ್ನು ಸಿಜೆ-7ಕ್ಕೆ ಕೊಡತೊಡಗಿದ್ದು 1976ರಲ್ಲಿ. ನಮ್ಮಲ್ಲಿ ಥಾರ್ ಜೀಪು ಗಟ್ಟಿ ಮಾಡಿನ ಸಮೇತ ಕಾರ್ಖಾನೆಯಿಂದಲೇ ಹೊರಬಂದದ್ದು 2020ರಲ್ಲಿ.

ಹಾಗಾದರೆ ನಮ್ಮ ಹಳೆಯ ಜೀಪುಗಳ ಮಾಡು ಎಲ್ಲಿಂದ ಬಂತು? ಪೇಟೆಯ ಟಿಂಕರಿಂಗ್ ಶಾಲೆಯಿಂದ. ಕಾರ್ಗಾಲದ ಮಳೆಗೆ ಕ್ಯಾನ್ವಾಸು ಬೂಷ್ಟು ಹಿಡಿದು ಹರಿದಾಗ, ಯಜಮಾನರು ಜೀಪನ್ನು ಅಲ್ಲಿ ಬಿಟ್ಟು ಬಂದರು. ಮೇಸ್ತ್ರಿ ಚೌಕ ಕೊಳವೆಯಿಂದಲೋ ಕೋನಪಟ್ಟಿಯಿಂದಲೋ ಹಂದರ ಕಟ್ಟಿ, ತಗಡು ಬಡಿದು, ಗಾಜು ಕೂರಿಸಿ ಕೊಟ್ಟ. ಆದ್ದರಿಂದ ಒಂದು ಜೀಪಿನ ಮಾಡು ಇನ್ನೊಂದಕ್ಕೆ ಕೂರುವುದಿಲ್ಲ. ಅದಕ್ಕೆ ಕೈಪಿಡಿಯಿಲ್ಲ, ಬಿಡಿಭಾಗವಿಲ್ಲ. ಎಷ್ಟು ಬೋಲ್ಟುಗಳಿವೆ ಎಂಬುದು ಅದನ್ನು ಮಾಡಿದವನಿಗೇ ಗೊತ್ತು, ಆತನೂ ಮರೆತಿರುತ್ತಾನೆ. ಇಂಗ್ಲೆಂಡಿನ ಲ್ಯಾಂಡ್‌ರೋವರಿನ ಕಥೆ ಬೇರೆ. 1948ರಲ್ಲಿ ಹೊರಬಂದ ಆ ವಾಹನಕ್ಕೆ, ಯುದ್ಧಾನಂತರ ಉಕ್ಕು ಪಡಿತರವಾಗಿದ್ದುದರಿಂದ, ಅಲ್ಯೂಮಿನಿಯಂ ಮಿಶ್ರಲೋಹದ ಮೈ. ಅಲ್ಲಿ ಕೆಂಪು ತುಕ್ಕಿನ ಬದಲು, ಅಲ್ಯೂಮಿನಿಯಮ್ಮು ಉಕ್ಕಿಗೆ ತಾಗುವಲ್ಲಿ ಬಿಳಿಯ ಹಿಟ್ಟು ಏಳುತ್ತದೆ. ಶತ್ರು ಬೇರೆಯಾದರೂ ಅವನ ಅಡಗುತಾಣ ಒಂದೇ.

ಮೊದಲು ಕಾಗದ, ಅನಂತರ ಸ್ಪ್ಯಾನರು

ಸ್ಪ್ಯಾನರು ಹಿಡಿಯುವ ಮೊದಲು ನೋಂದಣಿ ಪತ್ರವನ್ನೊಮ್ಮೆ ತೆರೆದು ನೋಡುವುದು ವಿವೇಕ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. ರಾಚನಿಕ ಮಾರ್ಪಾಡಿಗೆ ಅವಕಾಶವಿದೆಯೆಂಬ ಕೇರಳ ಉಚ್ಚ ನ್ಯಾಯಾಲಯದ ಅಭಿಪ್ರಾಯವನ್ನು ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ತಳ್ಳಿಹಾಕಿತು. ಇದು ಕಾಸರಗೋಡು, ವಯನಾಡಿನ ನಮ್ಮವರು ವಿಶೇಷವಾಗಿ ಗಮನಿಸತಕ್ಕ ಸಂಗತಿ. ಗಡಿಯಲ್ಲಿರುವ ನಮಗೆ ಇನ್ನೊಂದು ತೊಡಕೂ ಉಂಟು. ಒಂದು ರಾಜ್ಯದಲ್ಲಿ ನೋಂದಾಯಿಸಿದ ವಾಹನವನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇರಿಸಿಕೊಂಡರೆ ಅಲ್ಲಿಯ ಹೊಸ ಸಂಖ್ಯೆ ಪಡೆಯಬೇಕು. ಮಂಗಳೂರಿನ ಮಾವನವರ ಜೀಪು ಕುಂಬಳೆಯ ಅಳಿಯನ ಅಂಗಳ ಸೇರಿದಾಗ ಎದುರಾಗುವುದು ಇದೇ ನಿಯಮ. ಪರಿಶೀಲನೆಯ ದಿನ ಅಧಿಕಾರಿಯ ಕಣ್ಣು ಮೊದಲು ಬೀಳುವುದು ಎದ್ದು ಕಾಣುವ ಮಾಡಿನ ಮೇಲೆಯೇ. ಪತ್ರದಲ್ಲಿ ಏನಿದೆಯೋ ಅದಕ್ಕೆ ಹೊಂದುವಂತೆ ಹಳೆಯ ಮಾಡನ್ನೇ ದುರಸ್ತಿ ಮಾಡಿ ಮರಳಿ ಕೂರಿಸುವುದು ಒಂದು. ಹೊಸ ಎತ್ತರದ, ಹೊಸ ಆಕಾರದ ಮಾಡು ಕಟ್ಟಿಸುವುದು ಮತ್ತೊಂದು. ಎರಡನೆಯದನ್ನು ಯೋಚಿಸುವವರು ಸಾರಿಗೆ ಕಚೇರಿಯಲ್ಲಿ ಮೊದಲೇ ವಿಚಾರಿಸಲಿ.

ಮೊದಲ ನೋಂದಣಿಯಿಂದ 50 ವರ್ಷ ಮೀರಿದ ಖಾಸಗಿ ವಾಹನಗಳಿಗೆ 2021ರ ಜುಲೈಯಲ್ಲಿ ಕೇಂದ್ರ ಸರಕಾರ ‘ವಿಂಟೇಜ್’ ನೋಂದಣಿಯ ನಿಯಮ ತಂದಿತು. 20,000 ರೂಪಾಯಿ ಶುಲ್ಕ, 10 ವರ್ಷದ ಅವಧಿ. ಚಾಸಿ, ಬಾಡಿ, ಎಂಜಿನುಗಳಲ್ಲಿ ದೊಡ್ಡ ಮಾರ್ಪಾಡು ಆಗಿರಕೂಡದು. ಪ್ರದರ್ಶನ, ರ‍್ಯಾಲಿ, ದುರಸ್ತಿ, ಇಂಧನ ತುಂಬಿಸುವಿಕೆ ಮುಂತಾದ ಕೆಲಸಗಳ ಹೊರತು ರಸ್ತೆಗಿಳಿಸುವಂತಿಲ್ಲ. ಇನ್ನೂ ಬಾಳೆಗೊನೆ ಹೊರುತ್ತಿರುವ ಜೀಪಿಗೆ ಈ ಸನ್ಮಾನ ಬೇಡವೆನ್ನುವುದು ನನ್ನ ಅಭಿಪ್ರಾಯ.

ಇಳಿಸುವಾಗ

ನಮ್ಮ ಕಡೆ ಮಾಡು ಇಳಿಸಲು ಒಳ್ಳೆಯ ಕಾಲ ದೀಪಾವಳಿ ಕಳೆದ ಮೇಲೆ. ಮರಳಿ ಏರಿಸಲು ಪತ್ತನಾಜೆಯ ಗಡುವು. ಮೇ ತಿಂಗಳ ಕೊನೆಯ ವಾರಕ್ಕೆ ಬರುವ ಆ ದಿನ ದಾಟಿದರೆ ಮಳೆ ಯಾರನ್ನೂ ಕೇಳಿ ಬರುವುದಿಲ್ಲ. ಸೊಲ್ಲಾಪುರದ ಬಿಸಿಲಿನವರು ತಮ್ಮ ಅನುಕೂಲ ನೋಡಿಕೊಳ್ಳಲಿ.

ಗಾಳಿಯಿಲ್ಲದ ದಿನವನ್ನೇ ಆರಿಸಬೇಕು. ಎತ್ತಿ ಹಿಡಿದ ಮಾಡು ಹಾಯಿಯಂತೆ ವರ್ತಿಸುತ್ತದೆ. ಹಿಂದಿನ ದಿನವೇ ಪ್ರತಿ ಬೋಲ್ಟಿನ ಬುಡಕ್ಕೂ ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟು ರಾತ್ರಿಯಿಡೀ ನೆನೆಯಲು ಬಿಡಬೇಕು. ಬೆಳಗ್ಗೆ ಜೀಪನ್ನು ಸಮತಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಬ್ಯಾಟರಿಯ ತಂತಿ ಕಳಚಬೇಕು. ಒಳದೀಪಕ್ಕೋ ಹಿಂದಿನ ದೀಪಕ್ಕೋ ಎಳೆದ ತಂತಿ ಮಾಡಿನ ಕಂಬದೊಳಗೆ ಹಾದುಹೋಗಿರುವುದುಂಟು. ಅದನ್ನು ಮರೆತು ಎತ್ತಿದರೆ ತಂತಿ ಕಿತ್ತು ಬರುತ್ತದೆ.

ಬೋಲ್ಟು ಜಗ್ಗದಿದ್ದಾಗ ಗ್ಯಾಸಿನ ಉರಿಯಿಂದ ಕಾಯಿಸುವ ಅಭ್ಯಾಸ ಗ್ಯಾರೇಜುಗಳಲ್ಲಿ ಸಾಮಾನ್ಯ. ಜೀಪಿನ ಮಟ್ಟಿಗೆ ಇದನ್ನು ಖಂಡಿತವಾಗಿ ತಡೆಯಬೇಕು. ಸಿಜೆ-3ಬಿಯ ಪೆಟ್ರೋಲ್ ಟ್ಯಾಂಕು ಇರುವುದು ಚಾಲಕನ ಆಸನದ ಅಡಿಯಲ್ಲಿ, ಅಂದರೆ ಉರಿ ಹಿಡಿಯುವ ಜಾಗದಿಂದ ಕೈಯಳತೆಯಲ್ಲಿ. ಖಾಲಿ ಟ್ಯಾಂಕಾದರೂ ಅದರೊಳಗಿನ ಆವಿ ಸಾಕು. ಜಗ್ಗದ ಬೋಲ್ಟಿನ ತಲೆಯನ್ನು ಗರಗಸದಿಂದ ನಿಧಾನವಾಗಿ ಕೊಯ್ದರೆ ಹೋಗುವುದು ಅರ್ಧ ಗಂಟೆ ಮತ್ತು ಒಂದು ಬೋಲ್ಟು ಮಾತ್ರ.

ತೂಕ ಇಳಿಸಲು ಜಾರುಗಾಜುಗಳನ್ನೂ ಹಿಂದಿನ ಬಾಗಿಲನ್ನೂ ಮೊದಲೇ ಕಳಚಿಡುವುದು ಲೇಸು. ಬಳಿಕ ಹಿಂದಿನ ಮತ್ತು ಪಕ್ಕದ ಬೋಲ್ಟುಗಳು, ಕಟ್ಟಕಡೆಗೆ ಮುಂದಿನ ಗಾಜಿನ ಚೌಕಟ್ಟಿನ ಮೇಲಿನವು. ಮಡಚಲು ಬರುವ ಆ ಚೌಕಟ್ಟು ಬುಡದಲ್ಲಿ ಕೀಲುಗಳ ಮೇಲೆ ನಿಂತಿದೆ. ವರ್ಷಗಟ್ಟಲೆ ಅದನ್ನು ನೆಟ್ಟಗೆ ಹಿಡಿದದ್ದು ಮಾಡೇ ಹೊರತು ಅದರ ಚಿಲಕಗಳಲ್ಲ. ಚಿಲಕ ಸವೆದಿದ್ದರೆ ಮಾಡು ಎದ್ದ ಕ್ಷಣ ಗಾಜು ಬಾನೆಟ್ಟಿನ ಮೇಲೆ ಬೀಳುತ್ತದೆ. ಚಿಲಕಗಳನ್ನು ಬಿಗಿದು, ಒಬ್ಬನನ್ನು ಚೌಕಟ್ಟು ಹಿಡಿಯಲೆಂದೇ ನಿಲ್ಲಿಸಬೇಕು.

ಎಲ್ಲ ಬೋಲ್ಟು ಬಿಚ್ಚಿದರೂ ಮಾಡು ಅಲುಗದಿದ್ದರೆ ಗಾಬರಿ ಬೇಡ, ಹಳೆಯ ರಬ್ಬರು ಅಂಟಿಕೊಂಡಿದೆ. ಸ್ಕ್ರೂಡ್ರೈವರು ತೂರಿಸಿ ಮೀಟಿದರೆ ಅಂಚು ಸೊಟ್ಟಗಾಗಿ, ಮುಂದೆ ಅಲ್ಲಿಯೇ ನೀರು ಇಳಿಯುತ್ತದೆ. ಪುಟ್ಟಿ ಹಚ್ಚುವ ತೆಳು ಅಲಗನ್ನೋ ಮೀನುಗಾಳದ ಗಟ್ಟಿ ದಾರವನ್ನೋ ಸುತ್ತಲೂ ಎಳೆದರೆ ರಬ್ಬರು ಕೊಯ್ದುಕೊಳ್ಳುತ್ತದೆ.

ಎತ್ತಲು ಕನಿಷ್ಠ ಆರು ಮಂದಿ ಬೇಕು, ಅಪ್ಪಣೆ ಕೊಡಲು ಒಬ್ಬನೇ ಸಾಕು. ಬಾಗಿಲ ಕಂಡಿಗಳ ಮೂಲಕ ಅಡ್ಡಲಾಗಿ ಎರಡು ಗಟ್ಟಿ ಮರದ ತೊಲೆ ತೂರಿಸಿ, ಮೂಲೆಗಳ ಬಳಿ ಚೀಲದ ಮೆತ್ತೆ ಕೊಟ್ಟು ಎತ್ತಿದರೆ ಬೆರಳುಗಳು ತಗಡಿನ ಹರಿತ ಅಂಚಿನಿಂದ ಪಾರಾಗುತ್ತವೆ. ನೇರ ಮೇಲಕ್ಕೆ ಎತ್ತಿ, ಗಾಜಿನ ಚೌಕಟ್ಟು ದಾಟಿದ ಮೇಲೆ ಹಿಂದಕ್ಕೆ ನಡೆಯಬೇಕು. ಇದಕ್ಕಿಂತ ಸುಲಭದ ದಾರಿ ಕೊಟ್ಟಿಗೆಯಲ್ಲಿದೆ. ಗಟ್ಟಿಯಾದ ಅಡ್ಡತೊಲೆಗೆ ಚೈನ್‌ಪುಲ್ಲಿ ಕಟ್ಟಿ, ಮಾಡನ್ನು ನಾಲ್ಕು ಕಡೆ ಹಗ್ಗದಲ್ಲಿ ತೂಗಿ ಗೇಣೆರಡು ಗೇಣು ಎತ್ತಿ, ಜೀಪನ್ನೇ ಕೆಳಗಿನಿಂದ ತಳ್ಳಿ ಹೊರತೆಗೆಯುವುದು. ತೂಗುತ್ತಿರುವ ಮಾಡಿನ ಅಡಿಯಲ್ಲಿ ಮಕ್ಕಳು ಸುಳಿಯದಂತೆ ಮನೆಯ ಹಿರಿಯರೊಬ್ಬರು ಜಗಲಿಯಲ್ಲಿ ಕುಳಿತಿರಲಿ. ಇಳಿಸಿದ ಮಾಡನ್ನು ಗೋಡೆಗೆ ಒರಗಿಸಬಾರದು, ಮಗ್ಗುಲಾಗಿಯೂ ಮಲಗಿಸಬಾರದು. ಹಂದರ ತಿರುಚಿಕೊಂಡರೆ ಮರಳಿ ತೂತಿಗೆ ತೂತು ಕೂಡುವುದಿಲ್ಲ. ಜೀಪಿನ ಮೇಲೆ ಕುಳಿತಂತೆಯೇ ನೆಲದಿಂದ ಎತ್ತರದ ಮರದ ತುಂಡುಗಳ ಮೇಲೆ ಕೂರಿಸಿ, ಗಾಳಿಯಾಡುವ ಬಟ್ಟೆ ಹೊದಿಸಬೇಕು. ಪ್ಲಾಸ್ಟಿಕ್ಕು ಹೊದಿಸಿದರೆ ಒಳಗೆ ಬೆವರುತ್ತದೆ.

ಈಗ ಬೆತ್ತಲಾದ ಮೇಲಂಚನ್ನು ನೋಡಿ. ಈ ಶ್ರಮವೆಲ್ಲ ಇದಕ್ಕಾಗಿಯೇ. ತಂತಿಬ್ರಶ್ಶಿನಿಂದ ತುಕ್ಕು ಉಜ್ಜಿ ಹೊಳೆವ ಲೋಹ ಕಾಣಬೇಕು. ಉಜ್ಜುವಾಗ ತೂತು ಬಿದ್ದರೆ ಒಳ್ಳೆಯದೇ ಆಯಿತು, ಅದು ಮೊದಲೇ ಬಿದ್ದದ್ದು. ಅಲ್ಲಿ ತುಂಡು ಕತ್ತರಿಸಿ ಹೊಸ ತಗಡು ಬೆಸೆಯಬೇಕೇ ಹೊರತು ಪುಟ್ಟಿ ಮೆತ್ತಿ ಬಣ್ಣ ಬಳಿಯಕೂಡದು. ಬೆಸೆಯುವ ಮುನ್ನ ಪೆಟ್ರೋಲ್ ಟ್ಯಾಂಕನ್ನು ಕಳಚಿ ದೂರ ಇಟ್ಟಿರಬೇಕು. ಮೊಟ್ಟೆಯಾಕಾರಕ್ಕೆ ಸವೆದ ತೂತುಗಳ ಅಡಿಗೆ ಪಟ್ಟಿ ಬೆಸೆದು ಹೊಸ ತೂತು ಕೊರೆಯಬೇಕು. ಬಳಿಕ ರೆಡ್‌ಆಕ್ಸೈಡಿನಂಥ ತುಕ್ಕು ತಡೆಯುವ ಪ್ರೈಮರು, ಅದರ ಮೇಲೆ ಬಣ್ಣ. ತೂತಿನ ಒಳಗೋಡೆಗೂ ಬಣ್ಣ ತಾಗಬೇಕು, ತುಕ್ಕು ಮೊದಲು ಹೆಜ್ಜೆಯಿಡುವುದು ಅಲ್ಲಿಯೇ.

ಏರಿಸುವಾಗ

ಹೊಸ ರಬ್ಬರು ಪಟ್ಟಿ ಕೊಳ್ಳುವಾಗ ಒಂದು ತುಂಡನ್ನು ಅದುಮಿ ನೀರಿನಲ್ಲಿ ಮುಳುಗಿಸಿ, ಹೊರತೆಗೆದು ಹಿಂಡಿ ನೋಡಬೇಕು. ನೀರು ಸುರಿದರೆ ಅದು ಸ್ಪಂಜು, ಬೇಡ. ಗುಳ್ಳೆಗಳು ಒಂದಕ್ಕೊಂದು ಮುಚ್ಚಿಕೊಂಡಿರುವ ಜಾತಿಯ ರಬ್ಬರು ನೀರು ಕುಡಿಯುವುದಿಲ್ಲ. ಪಟ್ಟಿಯನ್ನು ಎಳೆದು ಅಂಟಿಸುವುದು ಎಲ್ಲರೂ ಮಾಡುವ ತಪ್ಪು. ಎಳೆದ ರಬ್ಬರು ಕೆಲವೇ ವಾರಗಳಲ್ಲಿ ಕುಗ್ಗಿ ಮೂಲೆಯನ್ನು ಬಿಟ್ಟುಕೊಡುತ್ತದೆ. ತುಸು ಸಡಿಲವಾಗಿಯೇ ಇಡಬೇಕು. ಎರಡು ತುದಿಗಳ ಕೂಡುಗೆ ಮೂಲೆಯಲ್ಲಿ ಬೀಳದೆ ನೇರ ಅಂಚಿನಲ್ಲಿ ಬೀಳಬೇಕು.

ಮಾಡನ್ನು ಇಳಿಸಿ ಕೂರಿಸಿದ ಮೇಲೆ ಎಲ್ಲ ಬೋಲ್ಟುಗಳನ್ನೂ ಬೆರಳಿನಿಂದಲೇ ಎರಡು ಮೂರು ಸುತ್ತು ಹಿಡಿಸಬೇಕು, ಒಂದನ್ನೂ ಬಿಗಿಯಬಾರದು. ಒಂದು ಮೂಲೆಯನ್ನು ಮೊದಲೇ ಬಿಗಿದರೆ ಎದುರಿನ ಮೂಲೆಯ ತೂತು ಅರ್ಧ ಬೆರಳು ಸರಿದಿರುತ್ತದೆ. ಆಗ ಸುತ್ತಿಗೆ ಹೊರಬರುತ್ತದೆ, ಅನಂತರ ಬಯ್ಗುಳ. ಬಾಗಿಲುಗಳನ್ನು ತೊಡಿಸಿ ತೆರೆದು ಮುಚ್ಚಿ ನೋಡಿ, ಅವು ಸರಿಯಾಗಿ ಕೂತ ಮೇಲೆ ಮೂಲೆಯಿಂದ ಎದುರು ಮೂಲೆಗೆ, ಮೂರು ಸುತ್ತಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಬಿಗಿಯಬೇಕು. ಅಗಲವಾದ ವಾಶರು ಹಾಕಿದರೆ ತೆಳು ತಗಡಿನ ಮೇಲಿನ ಒತ್ತಡ ಹಂಚಿಹೋಗುತ್ತದೆ. ರಬ್ಬರು ಸುಮಾರು ಮೂರರಲ್ಲೊಂದು ಪಾಲು ಅದುಮಿದರೆ ಸಾಕು. ಸೋರುತ್ತದೆಂದು ಇನ್ನೂ ಬಿಗಿಯುವುದರಿಂದ ಬೋಲ್ಟುಗಳ ನಡುವಿನ ತಗಡು ಉಬ್ಬಿ, ಸೋರಿಕೆ ಹೆಚ್ಚುತ್ತದೆ. ಜೀಪು ಹೊಂಡಕ್ಕಿಳಿದಾಗ ಅದರ ಬಾಡಿ ತಿರುಚಿಕೊಳ್ಳುತ್ತದೆ. ಮಾಡಿಗೂ ಅದರೊಡನೆ ಕೊಂಚ ಬಾಗಲು ಎಡೆಯಿರಬೇಕು.

ಇಲ್ಲೊಂದು ಮಾತು. ತಗಡಿನ ಈ ಮಾಡು ಮಳೆಗೆ ಮರೆಯೇ ಹೊರತು ಮಗುಚಿದಾಗ ಕಾಯುವ ಕವಚವಲ್ಲ. ಸಿಜೆ-3ಬಿಯ ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ 80 ಅಂಗುಲ ಮಾತ್ರ. ಅಷ್ಟು ಗಿಡ್ಡ ವಾಹನದ ತಲೆಯ ಮೇಲೆ ಭಾರ ಹೇರಿದಷ್ಟೂ ತಿರುವಿನಲ್ಲಿ ಅದು ಓಲುವುದು ಹೆಚ್ಚು. ಮಾಡಿನ ಮೇಲೆ ಕ್ಯಾರಿಯರು ಬೆಸೆದು ಅಡಕೆ ಮೂಟೆ ಹೇರಿ ಘಾಟಿ ಇಳಿಯುವ ದೃಶ್ಯ ನೋಡಿದಾಗಲೆಲ್ಲ ಎದೆ ನಡುಗುತ್ತದೆ.

ನೀರಿನ ಪರೀಕ್ಷೆಗೆ ಇಬ್ಬರು ಬೇಕು. ಒಬ್ಬರು ಒಳಗೆ ಟಾರ್ಚು ಹಿಡಿದು ಕುಳಿತು, ಇನ್ನೊಬ್ಬರು ಹೊರಗಿನಿಂದ ಪೈಪು ಹಿಡಿಯಲಿ. ನೀರನ್ನು ಮೊದಲು ಕೆಳಗಿನ ಅಂಚಿಗೆ ಬಿಟ್ಟು ನಿಧಾನವಾಗಿ ಮೇಲಕ್ಕೆ ಏರಬೇಕು. ಮೇಲಿನಿಂದ ಆರಂಭಿಸಿದರೆ ನೀರು ಎಲ್ಲೆಡೆ ಹರಿದು, ಕಳ್ಳ ಯಾವ ಕಂಡಿಯಿಂದ ನುಗ್ಗಿದನೆಂಬುದು ತಿಳಿಯುವುದಿಲ್ಲ. ಚಾಲಕನ ಮೊಣಕಾಲಿಗೆ ಬೀಳುವ ಹನಿ ಬಹುತೇಕ ಮೊಣಕಾಲಿನ ನೇರಕ್ಕೆ ಹುಟ್ಟಿರುವುದಿಲ್ಲ. ಮುಂಗಾಜಿನ ಮೇಲಿನ ಮೂಲೆಯಲ್ಲಿ ಒಳಹೊಕ್ಕು, ಚೌಕಟ್ಟಿನ ಒಳಗೋಡೆ ಹಿಡಿದು ಇಳಿದು ಬಂದಿರುತ್ತದೆ.

ನೂರಿನ್ನೂರು ಕಿಲೋಮೀಟರು ಓಡಿದ ಮೇಲೆ ಹೊಸ ರಬ್ಬರು ಕೂತು ಬೋಲ್ಟುಗಳು ಸಡಿಲವಾಗಿರುತ್ತವೆ. ಮತ್ತೊಮ್ಮೆ ಅದೇ ಕ್ರಮದಲ್ಲಿ ಬಿಗಿಯಬೇಕು. ಉಳಿದ ರಬ್ಬರು ತುಂಡು, ನಾಲ್ಕು ಹೆಚ್ಚುವರಿ ಬೋಲ್ಟು ವಾಶರುಗಳನ್ನು ಒಂದು ಡಬ್ಬಿಯಲ್ಲಿ ಹಾಕಿ, ಒಟ್ಟು ಎಷ್ಟು ಬೋಲ್ಟುಗಳಿವೆ, ಯಾವುದು ಉದ್ದದ್ದು, ಯಾವ ತಾರೀಕಿಗೆ ಏರಿಸಿದ್ದು ಎಂಬುದನ್ನು ಬರೆದ ಚೀಟಿಯನ್ನೂ ಅದರೊಳಗಿಟ್ಟರೆ, ಮುಂದಿನ ಸಲ ಇಳಿಸುವ ಮಕ್ಕಳಿಗೋ ಮೊಮ್ಮಕ್ಕಳಿಗೋ ಮೇಸ್ತ್ರಿಯನ್ನು ಹುಡುಕುವ ಕಷ್ಟ ತಪ್ಪುತ್ತದೆ.