ಕಣ್ಣಿನ ಬೇಟೆಗಾರ, ಮೂಗಿನ ಬೇಟೆಗಾರ

ಜಿಗಣಿಯಲ್ಲಿ ಒಂದು ಕಡೆ ಕಾರ್ಖಾನೆಗಳು, ಲಾರಿಗಳ ಸಾಲು. ಇನ್ನೊಂದು ಕಡೆ, ಸ್ವಲ್ಪವೇ ದೂರದಲ್ಲಿ, ಬನ್ನೇರುಘಟ್ಟದ ಕಾಡು. ನಡುವೆ ಎದ್ದಿರುವ ಬಡಾವಣೆಗಳಲ್ಲಿ ನಾಯಿ ಸಾಕುವ ಆಸೆ ಹುಟ್ಟಿದ ಕುಟುಂಬವೊಂದು ಎರಡು ತಳಿಗಳ ನಡುವೆ ತೂಗಿ ನೋಡುತ್ತಿದೆ ಎನ್ನೋಣ: ಬಾಗಲಕೋಟೆ ಜಿಲ್ಲೆಯ ಮುಧೋಳ, ಇಂಗ್ಲೆಂಡ್ ಮೂಲದ ಬೀಗಲ್. ಎರಡೂ ಮೊಲದ ಬೇಟೆಯಲ್ಲಿ ಪಳಗಿದ ತಳಿಗಳೇ. ಆದರೆ ಒಂದು ಕಣ್ಣನ್ನು ನಂಬುತ್ತದೆ, ಇನ್ನೊಂದು ಮೂಗನ್ನು. ಮನೆಯೊಳಗೆ ಅವುಗಳ ನಡವಳಿಕೆ ಬೇರೆಯಾಗುವುದು ಬಹುಪಾಲು ಇಲ್ಲಿಂದಲೇ.

ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಪೋಷಿಸಿದ ಈ ನಾಯಿಗಳ ಜೋಡಿಯೊಂದು ಬ್ರಿಟನ್ನಿನ ದೊರೆ ಐದನೇ ಜಾರ್ಜ್‌ಗೆ ಕಾಣಿಕೆಯಾಗಿ ಹೋಗಿತ್ತು. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರವಿರುವ ಅಂಚೆಚೀಟಿ ತಂದಿತು. ಉದ್ದ ಮೂತಿ, ಆಳವಾದ ಎದೆಗೂಡು, ಒಳಸರಿದ ಹೊಟ್ಟೆ, ಬಿಗಿದ ಬಿಲ್ಲಿನಂಥ ಬೆನ್ನು. ಪೂರ್ಣವೇಗದಲ್ಲಿ ಓಡುವಾಗ ಒಂದೊಂದು ನೆಗೆತದಲ್ಲೂ ಎರಡು ಸಲ ಇದರ ನಾಲ್ಕೂ ಕಾಲು ನೆಲ ಬಿಟ್ಟಿರುತ್ತವೆ. ಆ ಉದ್ದ ಮೂತಿಗೂ ನೋಟಕ್ಕೂ ನಂಟಿದೆ. ಮೂತಿ ಉದ್ದವಾದಷ್ಟೂ ಅಕ್ಷಿಪಟದ ನರಕೋಶಗಳು ಅಡ್ಡಪಟ್ಟಿಯಂತೆ ಒತ್ತಾಗಿ ಹರಡಿರುತ್ತವೆ ಎಂದು ಸಿಡ್ನಿ ವಿಶ್ವವಿದ್ಯಾಲಯದ ಸಂಶೋಧಕರು 2004ರಲ್ಲಿ ತೋರಿಸಿದರು. ದಿಗಂತದ ಉದ್ದಕ್ಕೂ ಎಲ್ಲೇ ಏನು ಅಲುಗಿದರೂ ಅಂಥ ಕಣ್ಣಿಗೆ ಬೀಳುತ್ತದೆ.

ಅಪಾಯವೂ ಅಲ್ಲೇ ಇದೆ. ಬೆಕ್ಕೋ ಮೊಲವೋ ಕಣ್ಣಿಗೆ ಬಿದ್ದ ಕ್ಷಣ ಯಜಮಾನರ ಕೂಗು ಮುಧೋಳಕ್ಕೆ ಕೇಳಿಸುವುದೇ ಇಲ್ಲ. ಜಿಗಣಿಯ ಲಾರಿ ರಸ್ತೆಯಲ್ಲಿ ಅದು ಪ್ರಾಣಕ್ಕೇ ಬರಬಹುದು. ಕಾಡಂಚಿನಲ್ಲಿ ಬಿಟ್ಟರೆ ಚಿರತೆಯ ಭಯ. ಇನ್ನು ಮೊಲವನ್ನೇ ಹಿಡಿದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ತೊಡಕು. ಬೇಲಿ ಹಾಕಿದ ಬಯಲಿನ ಹೊರಗೆ ಹಗ್ಗ ಬಿಚ್ಚಲೇಬಾರದು.

ಬೀಗಲ್‌ನದು ನೆಲಕ್ಕೆ ಮೂಗು ಹಚ್ಚಿ ನಡೆಯುವ ಜಾತಿ. ಅಮೆರಿಕದ ವಿಜ್ಞಾನಿಗಳಾದ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಒಂದು ಎಕರೆ ಬಯಲಿನಲ್ಲಿ ಇಲಿಯೊಂದನ್ನು ಬಿಟ್ಟು ಪರೀಕ್ಷಿಸಿದಾಗ ಬೀಗಲ್‌ಗಳು ಒಂದು ನಿಮಿಷದೊಳಗೆ ಪತ್ತೆಹಚ್ಚಿದವು. ಅದೇ ಕೆಲಸಕ್ಕೆ ಫಾಕ್ಸ್ ಟೆರಿಯರ್‌ಗಳಿಗೆ ಹದಿನೈದು ನಿಮಿಷ ಬೇಕಾಯಿತು. 1984ರಿಂದ ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರ ಚೀಲದೊಳಗಿನ ಹಣ್ಣು, ಮಾಂಸವನ್ನು ಮೂಸಿ ಹಿಡಿಯುವ ಕೆಲಸ ಇವಕ್ಕೇ ಸಿಕ್ಕಿದೆ. ಜನಜಂಗುಳಿಗೆ ಹೆದರದ, ಯಾರನ್ನೂ ಹೆದರಿಸದ ಪುಟ್ಟ ನಾಯಿ ಎಂಬುದೂ ಆ ಆಯ್ಕೆಗೆ ಕಾರಣ.

ಗುಂಪುಗುಂಪಾಗಿ ಬೇಟೆಯಾಡಿದ ತಳಿಯಾದ್ದರಿಂದ ಬೀಗಲ್ ಮಕ್ಕಳೊಡನೆ, ನೆಂಟರೊಡನೆ, ಬೇರೆ ನಾಯಿಗಳೊಡನೆ ಬೇಗ ಬೆರೆಯುತ್ತದೆ. ಒಂಟಿತನ ಮಾತ್ರ ಅದಕ್ಕೆ ಆಗದು. ಗಂಡ ಹೆಂಡತಿ ಇಬ್ಬರೂ ಎಲೆಕ್ಟ್ರಾನಿಕ್ ಸಿಟಿಗೆ ಕೆಲಸಕ್ಕೆ ಹೋಗಿ ರಾತ್ರಿ ಮರಳುವ ಫ್ಲ್ಯಾಟಿನಲ್ಲಿ ಅದು ಊಳಿಡುತ್ತದೆ. ಹೊಲದಾಚೆಯ ಬೇಟೆಗಾರನಿಗೆ ಕೇಳಲೆಂದೇ ಬೆಳೆದುಬಂದ ಆ ದನಿಗೆ ಅಪಾರ್ಟ್‌ಮೆಂಟಿನ ಗೋಡೆ ಯಾವ ಲೆಕ್ಕ! ಹೊಟ್ಟೆಬಾಕತನವೂ ಇದೆ. ಕಂಡಾಗಲೆಲ್ಲ ಬಿಸ್ಕತ್ತು ಕೊಟ್ಟರೆ ಬೊಜ್ಜು ಬರುವುದು ಖಂಡಿತ.

ಮುಧೋಳ ಮನೆಯವರಿಗೆ ಅಂಟಿಕೊಳ್ಳುತ್ತದೆ, ಹೊರಗಿನವರು ಮೈಮುಟ್ಟಿದರೆ ಸರಿದು ನಿಲ್ಲುತ್ತದೆ. ಮನೆಯೊಳಗೆ ಅದು ಬಹುತೇಕ ಸದ್ದಿಲ್ಲದ ಜೀವಿ. ಮೈಮೇಲೆ ಕೊಬ್ಬು ಕಡಿಮೆ. ಗ್ರಾನೈಟ್ ನೆಲದಲ್ಲೇ ಮಲಗಿದರೆ ಮೊಣಕೈ ಒತ್ತಿ ಗಾಯವಾಗುತ್ತದೆ, ದಪ್ಪ ಹಾಸಿಗೆ ಬೇಕು. ಇದೇ ಮೈಕಟ್ಟಿನ ಗ್ರೇಹೌಂಡ್‌ಗಳು ಕೆಲವು ಅರಿವಳಿಕೆ ಔಷಧಗಳಿಂದ ಎಚ್ಚರಗೊಳ್ಳಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತವೆ. ಅದಕ್ಕಾಗಿ ಶಸ್ತ್ರಚಿಕಿತ್ಸೆಗೆ ಮುನ್ನ ಪಶುವೈದ್ಯರಿಗೆ ತಳಿಯ ಹೆಸರು ಹೇಳಿಬಿಡುವುದು ಕ್ಷೇಮ.

ಎತ್ತರದ ಕಾಂಪೌಂಡು, ದಿನವೂ ಓಡಿಸುವ ಪುರುಸೊತ್ತು ಇರುವ ಮನೆಗೆ ಮುಧೋಳವೇ ಸರಿ. ದಖ್ಖನ್ನಿನ ಬಿಸಿಲು ಅದಕ್ಕೆ ಹುಟ್ಟಿನಿಂದ ಬಂದದ್ದು. ಅಜ್ಜಿಯೋ ತಾತನೋ ದಿನವಿಡೀ ಜೊತೆಗಿರುವ ಫ್ಲ್ಯಾಟಿಗೆ ಬೀಗಲ್ ಒಪ್ಪುತ್ತದೆ. ಎರಡೂ ಇಲ್ಲದ ಮನೆ ಸದ್ಯಕ್ಕೆ ಕಾಯುವುದೇ ನಾಯಿಗೆ ಮಾಡುವ ಉಪಕಾರ. ಮುಧೋಳದ ಮರಿ ಬೇಕೆನ್ನುವವರು ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ ಮುಧೋಳ ಬಳಿಯ ತಿಮ್ಮಾಪುರದಲ್ಲಿ ನಡೆಸುವ ಶ್ವಾನ ಸಂಶೋಧನಾ ಕೇಂದ್ರವನ್ನು ವಿಚಾರಿಸಬಹುದು. ಬೀಗಲ್ ಕೊಳ್ಳುವವರು ಮಾರುವವರ ನೋಂದಣಿ ಪತ್ರ ಕೇಳಬೇಕು. 2017ರ ನಿಯಮದ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ.